ನೂರು ಕಿಲೋಮೀಟರ್ ಅಗಲದ ತೇಲುಕೋಟೆ: ಒಳಗೆ ಹೊಕ್ಕವರಿಗೆ ನಿಜಕ್ಕೂ ಏನು ಸಿಗುತ್ತದೆ?

ದೂರದ ಭವಿಷ್ಯದ ಕಥೆಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ನಕ್ಷತ್ರಗಳ ನಡುವೆ ಒಂದು ದೈತ್ಯ ಕೋಟೆ ತೇಲುತ್ತಿರುತ್ತದೆ. ಯಾರು ಕಟ್ಟಿದರೋ, ಯಾವ ಯುದ್ಧಕ್ಕೆ ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ನಾಲ್ಕೈದು ಜನ ಟಾರ್ಚ್ ಹಿಡಿದು ಒಳಗೆ ನುಗ್ಗುತ್ತಾರೆ. ಎರಡು ಬಾಗಿಲು ದಾಟುವಷ್ಟರಲ್ಲಿ ಸಿಂಹಾಸನವೋ, ನಿಯಂತ್ರಣ ಕೊಠಡಿಯೋ, ಮಲಗಿರುವ ರಾಕ್ಷಸನೋ ಸಿಕ್ಕೇಬಿಡುತ್ತದೆ. ಓದಲು ಮಜಾ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೆನ್ನು ಕಾಗದ ಹಿಡಿದು ಲೆಕ್ಕಕ್ಕೆ ಕೂತರೆ ಅಂಥ ಕೋಟೆ ಇನ್ನೂ ವಿಚಿತ್ರವಾಗಿ ಕಾಣತೊಡಗುತ್ತದೆ. ಅಲ್ಲಿ ಜಾಗಕ್ಕೆ ಬರವಿಲ್ಲ. ಇರುವ ಬರ ಒಂದೇ, ಬಿಸಿಯನ್ನು ಹೊರಗೆ ಹಾಕುವ ದಾರಿಯದ್ದು. ಒಳಗಿನ ಬಹುತೇಕ ವಿಷಯ ತೀರ್ಮಾನವಾಗುವುದು ಅದರಿಂದಲೇ.

ಲೆಕ್ಕಕ್ಕೆ ಒಂದು ಕೋಟೆ ಬೇಕಲ್ಲ, ಸುಮ್ನೆ ಒಂದು ಗೋಳ ಅಂದುಕೊಳ್ಳೋಣ. ಅಡ್ಡಗಲ 100 ಕಿ.ಮೀ. ಶನಿಯ ಉಪಗ್ರಹ ಮಿಮಾಸ್ ಸುಮಾರು 400 ಕಿ.ಮೀ. ಅಗಲ ಇದೆ, ನಮ್ಮದು ಅದರ ಕಾಲು ಭಾಗ. ಕಥೆಗಳಲ್ಲಿ ಬರುವ ಚಂದ್ರನ ಗಾತ್ರದ ಕೋಟೆಗಳ ಮುಂದೆ ಇದು ತೀರಾ ಸಾಧಾರಣ. ಗೋಡೆ, ತೊಲೆ, ಯಂತ್ರ, ಇಂಧನ, ಖಾಲಿ ಜಾಗ ಎಲ್ಲ ಸೇರಿ ಸರಾಸರಿ ಸಾಂದ್ರತೆ ನೀರಿನಷ್ಟೇ ಅಂತ ಇಟ್ಟುಕೊಳ್ಳೋಣ.

ಈಗ ಈ ಗೋಳದೊಳಗೆ ಮೂರೂವರೆ ಮೀಟರಿಗೆ ಒಂದರಂತೆ ಮಹಡಿ ಹಾಕುತ್ತಾ ಹೋಗಿ. ಎಲ್ಲ ಮಹಡಿಗಳ ನೆಲ ಕೂಡಿಸಿದರೆ ಸುಮಾರು 15 ಕೋಟಿ ಚದರ ಕಿ.ಮೀ. ಆಗುತ್ತದೆ. ಭೂಮಿಯ ಮೇಲಿರುವ ಒಟ್ಟು ಒಣನೆಲವೂ ಹೆಚ್ಚುಕಮ್ಮಿ ಅಷ್ಟೇ. ಎಲ್ಲ ಖಂಡಗಳನ್ನೂ ಮಡಚಿ ಒಂದು ಗೋಳದೊಳಗೆ ತುರುಕಿದ ಹಾಗೆ. ಒಬ್ಬರು ದಿನಕ್ಕೆ ಒಂದು ಚದರ ಕಿ.ಮೀ. ನೋಡಿ ಮುಗಿಸುತ್ತಾರೆ ಅಂದರೆ, ಒಂದು ಸುತ್ತು ಮುಗಿಯಲು ನಾಲ್ಕು ಲಕ್ಷ ವರ್ಷ ಬೇಕು. ಹತ್ತು ಸಾವಿರ ಜನರ ತಂಡ ಹೋದರೂ ನಲವತ್ತು ವರ್ಷ. ಎರಡು ಬಾಗಿಲು ದಾಟಿ ಸಿಂಹಾಸನ ಸಿಕ್ಕಿತು ಅಂದರೆ ಅದು ಲಾಟರಿಗಿಂತ ದೊಡ್ಡ ಅದೃಷ್ಟ.

ಬಿಸಿಯೇ ಇಲ್ಲಿನ ರಾಜ

ಒಂದು ಗೋಳದ ಅಗಲ ಎರಡು ಪಟ್ಟಾದರೆ ಹೊರಮೈ ನಾಲ್ಕು ಪಟ್ಟಾಗುತ್ತದೆ. ಒಳಜಾಗ ಮಾತ್ರ ಎಂಟು ಪಟ್ಟು. ಶಾಲೆಯಲ್ಲಿ ಕಲಿತ ಸೂತ್ರವೇ ಇದು, ಆದರೆ ದೈತ್ಯ ಕೋಟೆಗಳ ಕೊರಳು ಹಿಸುಕುವುದೂ ಇದೇ. ದೊಡ್ಡದಾದಷ್ಟೂ ಒಳಗೆ ತುಂಬುವುದು ಜಾಸ್ತಿ, ಹೊರಗೆ ಉಸಿರಾಡಲು ಇರುವ ಚರ್ಮ ಕಮ್ಮಿ.

ನಮ್ಮ ಕೋಟೆಯ ಹೊರಮೈ ಸುಮಾರು 31,400 ಚದರ ಕಿ.ಮೀ., ಬೆಲ್ಜಿಯಂ ದೇಶಕ್ಕಿಂತ ಚೂರು ಜಾಸ್ತಿ. ಒಳಗೆ ಇಡೀ ಭೂಮಿಯ ಒಣನೆಲ, ಅದಕ್ಕೆ ಹೊದಿಕೆ ಬೆಲ್ಜಿಯಂನಷ್ಟು.

ಬಾಹ್ಯಾಕಾಶ ಅಂದರೆ ತಣ್ಣಗಿರುವ ಜಾಗ, ಅಲ್ಲಿ ಬಿಸಿಯ ಚಿಂತೆ ಏಕೆ ಅಂತ ಅನಿಸಬಹುದು. ಬಿಸಿ ಸಾಗಿಸಲು ಅಲ್ಲಿ ಗಾಳಿ ಇಲ್ಲ, ನೀರಿಲ್ಲ. ಕೋಟೆ ಒಂದು ಫ್ಲಾಸ್ಕಿನೊಳಗೆ ಕೂತ ಹಾಗೆ. ಇರುವ ದಾರಿ ಒಂದೇ, ಮೈಯಿಂದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ ಸೂಸಬೇಕು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕಪ್ಪು ಮೈ ಒಂದು ಚದರ ಮೀಟರಿಗೆ ಸುಮಾರು 460 ವ್ಯಾಟ್ ಸೂಸುತ್ತದೆ, ಅಷ್ಟೇ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರಗಳಲ್ಲಿ ಸೌರಫಲಕಗಳ ಜೊತೆಗೆ ಮಡಿಕೆ ಮಡಿಕೆಯಾದ ಬಿಳಿ ಹಲಗೆಗಳು ಕಾಣುತ್ತವಲ್ಲ, ಅವು ಇದೇ ಕೆಲಸದ ರೇಡಿಯೇಟರ್‌ಗಳು. ಅಮೋನಿಯಾ ಹರಿಸಿ ಸುಮಾರು 70 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕುತ್ತವೆ. ಏಳು ಜನರ ಮನೆಗೆ ಅಷ್ಟು ಏರ್ಪಾಡು.

ನಮ್ಮ ಕೋಟೆಯ ಇಡೀ ಚಿಪ್ಪು ಹೀಗೆ ಸೂಸಿದರೆ ಹೊರಹೋಗುವುದು ಸುಮಾರು 14 ಲಕ್ಷ ಕೋಟಿ ವ್ಯಾಟ್. ಕೇಳಲು ದೊಡ್ಡದು, ಆದರೆ ಇಂದು ಮನುಕುಲ ಬಳಸುವ ಒಟ್ಟು ಶಕ್ತಿಗಿಂತಲೂ ಇದು ಕಮ್ಮಿ. ಅದನ್ನು ಒಳಗಿನ ನೆಲಕ್ಕೆಲ್ಲ ಹಂಚಿದರೆ ಚದರ ಮೀಟರಿಗೆ ಹತ್ತನೇ ಒಂದು ವ್ಯಾಟ್ ಬರುತ್ತದೆ. ಅರ್ಧ ವ್ಯಾಟಿನ ಒಂದು ರಾತ್ರಿದೀಪ ಹಚ್ಚಿದರೆ ಐದು ಚದರ ಮೀಟರಿನ ಪಾಲು ಮುಗಿಯಿತು. ಮೇಲೆ ಫ್ಯಾನು, ಪಂಪು, ಕಂಪ್ಯೂಟರು ಏನೂ ನಡೆಸುವ ಹಾಗಿಲ್ಲ.

ಜನರ ಲೆಕ್ಕ ಇನ್ನೂ ಬಿಗಿ. ಸುಮ್ಮನೆ ಕೂತ ಮನುಷ್ಯನ ಮೈ 100 ವ್ಯಾಟಿನಷ್ಟು ಬಿಸಿ ಬಿಡುತ್ತದೆ. ಅದು ದೊಡ್ಡದಲ್ಲ. ದೊಡ್ಡದು ಅವನ ಊಟ. ಬೆಳೆಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಆಹಾರವಾಗಿ ಮಾರ್ಪಡಿಸುವುದು ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲು. ಉಳಿದ 99 ಪಾಲು ಬಿಸಿ. ಅಂದರೆ ಒಬ್ಬನ ಹೊಟ್ಟೆ ತುಂಬಿಸಲು 10 ಕಿಲೋವ್ಯಾಟ್ ಬೆಳಕು ಹಗಲಿರುಳು ಉರಿಯಬೇಕು. ಹಾಗಾಗಿ ಈ ಕೋಟೆ ಸಾಕಬಲ್ಲದ್ದು ಜಾಸ್ತಿ ಅಂದರೆ 140 ಕೋಟಿ ಜನರನ್ನು. ಅದೂ ಬೇರೆ ಯಾವ ಯಂತ್ರವನ್ನೂ ಚಾಲೂ ಮಾಡದೆ. ತಲೆಗೆ 25 ಎಕರೆಗೂ ಜಾಸ್ತಿ ನೆಲ ಬಂತು. ಆ ಎಕರೆಗಳಲ್ಲಿ ದೀಪ ಹಚ್ಚಬಹುದಾದದ್ದು ಒಂದು ಸಣ್ಣ ಮೂಲೆಯಲ್ಲಿ ಮಾತ್ರ.

ಜೀವಂತ ಕೋಟೆಯೂ ಒಳಗೆ ಬಹುತೇಕ ಕತ್ತಲಾಗಿಯೇ ಇರಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಸಾವಿರ ಓಣಿ ಕತ್ತಲು, ನಡುವೆ ಒಂದು ಬೆಳಗುವ ಊರು. ಪಾಳುಬಿದ್ದದ್ದಕ್ಕೆ ಕತ್ತಲಾಯಿತು ಅಂತ ಒಳಹೊಕ್ಕವರು ತಿಳಿದರೆ ಅದು ತಪ್ಪು ಊಹೆ. ಅದು ಹುಟ್ಟಿನಿಂದಲೂ ಹಾಗೇ ಇತ್ತು.

ಹೊರಗೆ ರೇಡಿಯೇಟರ್ ರೆಕ್ಕೆ ಚಾಚಿ ಕೆಂಪಗೆ ಕಾಯಿಸಿದರೆ ಆಗಲ್ವಾ? ಆಗುತ್ತದೆ, ಸ್ವಲ್ಪ ಮಟ್ಟಿಗೆ. 1200 ಡಿಗ್ರಿಗೆ ಏರಿಸಿದ ಮೈ, 27 ಡಿಗ್ರಿಯ ಮೈಗಿಂತ ಸುಮಾರು 580 ಪಟ್ಟು ಜಾಸ್ತಿ ಸೂಸುತ್ತದೆ. ಆದರೆ ಮನೆಯೊಳಗಿನ ಹದ ಬಿಸಿಯನ್ನು ಅಷ್ಟು ಮೇಲಕ್ಕೆ ಏರಿಸಲು ಪಂಪು ಬೇಕು. ಒಂದು ಪಾಲು ಬಿಸಿ ಎತ್ತಲು ಕನಿಷ್ಠ ಅಂದರೂ ಸುಮಾರು ನಾಲ್ಕು ಪಾಲು ಶಕ್ತಿ ಸುರಿಯಬೇಕು, ಆ ನಾಲ್ಕೂ ಮತ್ತೆ ಬಿಸಿಯೇ. ಇಷ್ಟಾದರೂ ಲಾಭವಿದೆ ನಿಜ. ಆದರೆ ಶತ್ರುವಿನ ಮೊದಲ ಗುಂಡು ಬೀಳುವುದು ಕೆಂಪಗೆ ಹೊಳೆಯುವ ಆ ರೆಕ್ಕೆಗೇ. ಕೋಟೆಯ ಗೋಡೆ ಎಷ್ಟು ದಪ್ಪ ಇದ್ದರೇನು, ಉಸಿರಾಡುವ ಮೂಗು ಹೊರಗಿದೆ.

ಅಡಗಿ ಕೂರುವ ಮಾತಂತೂ ಬೇಡ. ಸುತ್ತಲಿನ ಆಕಾಶ ಪರಮಶೂನ್ಯಕ್ಕಿಂತ (ಅದಕ್ಕಿಂತ ತಣ್ಣಗೆ ಯಾವುದೂ ಆಗಲಾರದ ಮಿತಿ) ಮೂರು ಡಿಗ್ರಿ ಕೂಡ ಮೇಲಿಲ್ಲ, ಅದರ ನಡುವೆ ಬೆಚ್ಚಗಿರುವ ಗೋಳ. 2009ರಲ್ಲಿ ಹಾರಿದ ವೈಸ್ ದೂರದರ್ಶಕ ಇದೇ ಅವಕೆಂಪು ಬೆಳಕಿನಿಂದ ಕಪ್ಪು ಕ್ಷುದ್ರಗ್ರಹಗಳನ್ನು ರಾಶಿ ರಾಶಿ ಹುಡುಕಿತು.

ಬಾಗಿಲು, ಗಾಳಿ, ತುಕ್ಕು

ಈಗ ಒಳಗೆ ಹೋಗೋಣ. ಮೊದಲ ಆಶ್ಚರ್ಯ ತೂಕದ್ದು. ಇಷ್ಟು ದೊಡ್ಡ ಗೋಳಕ್ಕೆ ತನ್ನದೇ ಗುರುತ್ವ ಇದೆ, ಆದರೆ ಅದು ಭೂಮಿಯ ಗುರುತ್ವದ 700ನೇ ಒಂದು ಪಾಲು. ಹೊರ ಅಂಚಿನ ಮಹಡಿಯಲ್ಲಿ ಎರಡು ಮೀಟರ್ ಎತ್ತರದಿಂದ ಟಾರ್ಚ್ ಕೈಬಿಟ್ಟರೆ ಅದು ನೆಲ ಮುಟ್ಟಲು ಸುಮಾರು 17 ಸೆಕೆಂಡ್ ತೆಗೆದುಕೊಳ್ಳುತ್ತದೆ. ಬೀಳುತ್ತಿದೆಯೋ ತೇಲುತ್ತಿದೆಯೋ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಬೇರೆ ಕೆಲಸ ಮುಗಿಸಿ ತಿರುಗಿದರೆ ಕಾಲ ಬಳಿ ಬಂದು ಕೂತಿರುತ್ತದೆ. ಇಲ್ಲಿ ನಡೆಯಲಾಗದು. ಒಂದು ಹೆಜ್ಜೆ ಊರಿದರೆ ತಲೆ ಚಾವಣಿಗೆ ಬಡಿಯುತ್ತದೆ. ಹೊರಗೆ ಚಿಪ್ಪಿನ ಮೇಲೆ ನಿಂತು ಜೋರಾಗಿ ಜಿಗಿದರೆ ಕೆಳಗೆ ಬರಲು ಆರು ನಿಮಿಷ ಬೇಕು. ಒಳಕ್ಕೆ ಹೋದಷ್ಟೂ ಈ ಸೆಳೆತವೂ ಕರಗಿ, ನಟ್ಟನಡುವೆ ಸೊನ್ನೆಯಾಗುತ್ತದೆ. ಹಾಗಾಗಿ ಮೆಟ್ಟಿಲುಗಳಿಗಿಂತ ಹಗ್ಗ, ಹಿಡಿಕೆ, ಕಂಬಿಗಳೇ ಇಲ್ಲಿ ಜಾಸ್ತಿ ಕಾಣಬೇಕು.

ಇಡೀ ಕೋಟೆಯನ್ನು ಬುಗುರಿಯಂತೆ ತಿರುಗಿಸಿ ತೂಕ ಹುಟ್ಟಿಸಬಹುದಲ್ಲ? ಉಕ್ಕು ಒಪ್ಪುವುದಿಲ್ಲ. ಅಂಚಿನಲ್ಲಿ ಭೂಮಿಯಷ್ಟೇ ತೂಕ ಬರಬೇಕಾದರೆ ಏಳೂವರೆ ನಿಮಿಷಕ್ಕೆ ಒಂದು ಸುತ್ತು ತಿರುಗಬೇಕು, ಅಂಚಿನ ವೇಗ ಸೆಕೆಂಡಿಗೆ 700 ಮೀಟರ್. ಆಗ ಉಕ್ಕಿನ ಚಿಪ್ಪು ಬೇರೇನೂ ಹೊರದೆ, ತನ್ನ ಭಾರಕ್ಕೇ ಹರಿದುಹೋಗುತ್ತದೆ. ಸಾಧಾರಣ ಒಳ್ಳೆ ಉಕ್ಕು ತಾಳುವುದು ಐದು ಕಿ.ಮೀ. ತ್ರಿಜ್ಯದವರೆಗೆ. ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1970ರ ದಶಕದಲ್ಲಿ ಚಿತ್ರಿಸಿದ, ಒಳಗೆ ಜನ ವಾಸಿಸುವ ತಿರುಗು ಬಾಹ್ಯಾಕಾಶ ಉರುಳೆಗಳು (ಸಿಲಿಂಡರ್) 32 ಕಿ.ಮೀ. ಉದ್ದ ಇದ್ದರೂ ಅಗಲ ಆರರಿಂದ ಎಂಟು ಕಿ.ಮೀ. ಒಳಗೇ ನಿಂತದ್ದಕ್ಕೆ ಇಂಥ ಲೆಕ್ಕವೇ ಹಿನ್ನೆಲೆ. ಕಾರ್ಬನ್ ನಾರು ಬಳಸಿದರೆ ಮಿತಿ ಮೇಲೇರುತ್ತದೆ, ಆದರೂ ಹೊರಚಿಪ್ಪು ತಿರುಗುವ ಕೋಟೆಗೆ ಹೊರಗಿನಿಂದ ನೌಕೆ ತಂದು ನಿಲ್ಲಿಸುವುದೇ ಕಷ್ಟ. ಬುದ್ಧಿ ಇರುವ ಎಂಜಿನಿಯರ್ ಚಿಪ್ಪನ್ನು ನಿಲ್ಲಿಸಿ, ಒಳಗೆ ಜೋಡಿ ಜೋಡಿಯಾಗಿ ಉರುಳೆಗಳನ್ನು ಕೂರಿಸುತ್ತಾನೆ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ, ಇಲ್ಲದಿದ್ದರೆ ಕೋಟೆಯೇ ಉಲ್ಟಾ ತಿರುಗತೊಡಗುತ್ತದೆ. ಊರುಗಳು ಆ ಉರುಳೆಗಳೊಳಗೆ. ಹುಡುಕುವವರು ಹುಡುಕಬೇಕಾದದ್ದು ಅವನ್ನೇ.

ಆದರೆ ಅದಕ್ಕೂ ಮೊದಲು ಬಾಗಿಲು ತೆರೆಯಬೇಕು. ಕಥೆಗಳು ಇಲ್ಲಿ ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ನನ್ನ ಪ್ರಕಾರ ಇಡೀ ಸಾಹಸದಲ್ಲಿ ಅತಿ ಅಪಾಯದ ಕ್ಷಣ ಇದೇ. ಎರಡು ಚದರ ಮೀಟರಿನ ಬಾಗಿಲು, ಆ ಕಡೆ ಗಾಳಿ ತುಂಬಿದೆ, ಈ ಕಡೆ ನಿರ್ವಾತ. ಬಾಗಿಲ ಮೇಲಿರುವ ಒತ್ತಡ 20 ಟನ್ ಭಾರಕ್ಕೆ ಸಮ. ಅದಕ್ಕೇ ಇಂಥ ಬಾಗಿಲುಗಳು ಗಾಳಿ ಇರುವ ಕಡೆಗೇ ತೆರೆದುಕೊಳ್ಳಬೇಕು. ಒತ್ತಡ ಇದ್ದಷ್ಟು ಹೊತ್ತು ಅದೇ ಬಾಗಿಲನ್ನು ಚೌಕಟ್ಟಿಗೆ ಅದುಮಿ ಹಿಡಿಯುತ್ತದೆ, ಯಾವ ಪೈಲ್ವಾನನೂ ತೆರೆಯಲಾರ. ಎಷ್ಟೋ ವಿಮಾನಗಳ ಬಾಗಿಲಿನ ಗುಟ್ಟೂ ಇದೇ. ಆದ್ದರಿಂದ ಮೊದಲು ಕೈ ಹೋಗಬೇಕಾದದ್ದು ಹಿಡಿಕೆಗಲ್ಲ, ಪಕ್ಕದಲ್ಲಿರುವ ಪುಟ್ಟ ವಾಲ್ವಿಗೆ. ಅದನ್ನು ಕಾಲು ಸುತ್ತು ಬಿಚ್ಚಿ, ಎರಡೂ ಕಡೆಯ ಒತ್ತಡ ಸಮ ಆಗುವವರೆಗೆ ಗೇಜಿನ ಮುಳ್ಳು ನೋಡುತ್ತಾ ಕಾಯಬೇಕು.

ಮುಳ್ಳು ಸರಿಯಾಗಿ ನಿಂತಿತು, ಅಂದರೆ ಒಳಗೆ ಗಾಳಿ ಇದೆ. ಹೆಲ್ಮೆಟ್ ತೆಗೆಯಬಹುದಾ? ಖಂಡಿತ ಬೇಡ. ಸಮುದ್ರದ ಹಡಗುಗಳಲ್ಲಿ ಇದಕ್ಕೆ ಜೀವ ತೆತ್ತವರಿದ್ದಾರೆ. ವರ್ಷಗಟ್ಟಲೆ ಮುಚ್ಚಿಟ್ಟ ಉಕ್ಕಿನ ಟ್ಯಾಂಕಿನಲ್ಲಿ, ಲಂಗರಿನ ಸರಪಳಿ ಇಡುವ ಕೋಣೆಯಲ್ಲಿ ತುಕ್ಕು ಮೆಲ್ಲಗೆ ಆಮ್ಲಜನಕವನ್ನು ತಿಂದು ಮುಗಿಸಿರುತ್ತದೆ. ಒತ್ತಡ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಒಳಗಿಳಿದವನು ನಾಲ್ಕು ಹೆಜ್ಜೆಗೆ ಕುಸಿಯುತ್ತಾನೆ, ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಅದಕ್ಕೇ ಮೀಟರ್ ಇಟ್ಟು ಆಮ್ಲಜನಕ ಅಳೆಯದೆ ಇಳಿಯಬಾರದು ಅನ್ನುವ ನಿಯಮ. ಗಾಳಿಯಲ್ಲಿ ಅದು 20.9 ಶೇಕಡಾ ಇರಬೇಕು, 19.5ಕ್ಕಿಂತ ಕೆಳಗಿಳಿದರೆ ಅಪಾಯದ ಗಡಿ. ಉಕ್ಕಿನ ಕೋಟೆಯೊಂದು ಸಾವಿರ ವರ್ಷ ಮುಚ್ಚಿಕೊಂಡು, ಒಳಗೆ ಚೂರು ತೇವವೂ ಇತ್ತು ಅಂದರೆ ಅದರ ಎಷ್ಟೋ ಕೋಣೆಗಳಲ್ಲಿ ಉಳಿದಿರುವುದು ಬರೀ ಸಾರಜನಕ.

ಇನ್ನೊಂದು ಬಲೆ ಇದೆ. ಭೂಮಿಯ ಮೇಲೆ ಬಿಸಿ ಗಾಳಿ ಮೇಲಕ್ಕೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ, ಹೀಗೆ ಗಾಳಿ ತಾನೇ ಕಲೆಸಿಕೊಳ್ಳುತ್ತದೆ. ತೂಕವೇ ಇಲ್ಲದ ಕಡೆ ಆ ಆಟ ನಿಲ್ಲುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಮಲಗುವ ಗೂಡಿಗೆ ಗಾಳಿ ಬೀಸುತ್ತಲೇ ಇರಬೇಕು, ಇಲ್ಲದಿದ್ದರೆ ಮಲಗಿದವರು ಬಿಟ್ಟ ಇಂಗಾಲದ ಡೈಆಕ್ಸೈಡ್ ಅವರ ಮುಖದ ಸುತ್ತಲೇ ಗುಳ್ಳೆಯಾಗಿ ನಿಲ್ಲುತ್ತದೆ. ಫ್ಯಾನುಗಳು ನಿಂತ ಕೋಟೆಯಲ್ಲಿ ಒಂದೇ ಹಜಾರದ ಒಂದು ಮೂಲೆ ಉಸಿರಾಡಲು ಚೆನ್ನಾಗಿದ್ದು, ಇನ್ನೊಂದು ಮೂಲೆ ವಿಷವಾಗಿರಬಹುದು. ಮೀಟರ್ ಒಂದು ಸಲ ನೋಡಿ ಜೇಬಿಗೆ ಹಾಕಿಕೊಳ್ಳುವಂಥದ್ದಲ್ಲ.

ನೀರಿನದ್ದೂ ಹೀಗೇ. ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಫಲಕಗಳ ಹಿಂದೆ ಚೆಂಡಿನ ಗಾತ್ರದ ನೀರಿನ ಗೋಳಗಳು ಸಿಕ್ಕಿದ್ದವು, ಅವುಗಳಲ್ಲಿ ಸೂಕ್ಷ್ಮಜೀವಿಗಳು ಸುಖವಾಗಿ ಸಂಸಾರ ಹೂಡಿದ್ದವು. ಬಳಕೆಗೆ ಬಂದು ಹದಿನೈದು ವರ್ಷವೂ ತುಂಬದ ನಿಲ್ದಾಣದ ಕಥೆ ಅದು. ರಾಕ್ಷಸ ಸಿಗದಿದ್ದರೂ ಬೂಷ್ಟು ಖಂಡಿತ ಸಿಗುತ್ತದೆ.

ಬಿಸಿಯನ್ನೇ ದಾರಿ ಕೇಳುವುದು

ಹದಿನೈದು ಕೋಟಿ ಚದರ ಕಿ.ಮೀ. ಒಳಗೆ ಹುಡುಕುವುದು ಎಲ್ಲಿ? ನನ್ನನ್ನು ಕೇಳಿದರೆ ನಕ್ಷೆಗಿಂತ ಥರ್ಮಾಮೀಟರ್ ಮೇಲು. ಯಂತ್ರಗಳೆಲ್ಲ ನಿಂತ ಮೇಲೂ ಇಂಥ ಗೋಳ ಬೇಗ ತಣಿಯುವುದಿಲ್ಲ. ಒಳಗಿನ ಬಿಸಿ ಸಲೀಸಾಗಿ ಚಿಪ್ಪಿಗೆ ಬಂದು ಸೂಸುತ್ತದೆ ಅಂತಿಟ್ಟುಕೊಂಡರೂ ನೂರಾರು ವರ್ಷ ಹಿಡಿಯುತ್ತದೆ. ಪಂಪು ನಿಂತಿರುವಾಗ ಅದು ಸಲೀಸಾಗಿ ಬರುವುದೂ ಇಲ್ಲ. ನಡುವೆ ಸಾವಿರಾರು ಮಹಡಿ, ಅಲುಗದ ಗಾಳಿ. ಹೊರಪದರ ಬೇಗ ಹೆಪ್ಪುಗಟ್ಟುತ್ತದೆ, ಹೊಟ್ಟೆ ಮಾತ್ರ ತಲೆಮಾರುಗಟ್ಟಲೆ ಬೆಚ್ಚಗಿರುತ್ತದೆ. ಕೊರೆಯುವ ಓಣಿಯೊಂದರಲ್ಲಿ ಒಂದು ಗೋಡೆ ಪಕ್ಕದ್ದಕ್ಕಿಂತ ಎರಡು ಡಿಗ್ರಿ ಬಿಸಿ ಕಂಡರೆ ಅದರ ಹಿಂದೆ ಏನೋ ಇದೆ ಅಂತ ಅರ್ಥ.

ಉಕ್ಕಿಗೆ ಕಿವಿ ಕೊಡುವುದೂ ಒಳ್ಳೆಯ ಉಪಾಯ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಐದಾರು ಕಿ.ಮೀ. ಓಡುತ್ತದೆ. ಈ ತುದಿಯಲ್ಲಿ ದೊಡ್ಡದೊಂದು ಏಟು ಬಿದ್ದರೆ ಆ ತುದಿಗೆ ಮುಟ್ಟಲು ಇಪ್ಪತ್ತು ಸೆಕೆಂಡ್ ಸಾಕು. ಒಂದೇ ಒಂದು ಪಂಪು ಎಲ್ಲೋ ಇನ್ನೂ ತಿರುಗುತ್ತಿದ್ದರೆ ತೊಲೆಗಳಲ್ಲಿ ಅದರ ನಡುಕ ಸಿಗುತ್ತದೆ. ನಾಲ್ಕು ಕಡೆ ಮೈಕ್ ಅಂಟಿಸಿ ಕಾಲದ ವ್ಯತ್ಯಾಸ ಅಳೆದರೆ ಆ ಪಂಪು ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಭೂಕಂಪದ ಮೂಲ ಹುಡುಕುವುದು ಹೀಗೇ ಅಲ್ವಾ?

ಪಂಪು ತಿರುಗುತ್ತಿರುವ ಸಂಭವ ಕಮ್ಮಿ ಅನ್ನುವುದೂ ನಿಜ. ಒಂದು ಗುಂಡಿ ಒತ್ತಿದೊಡನೆ ಸಾವಿರ ವರ್ಷದ ಯಂತ್ರ ಗುಂಯ್ ಅಂತ ಏಳುವ ದೃಶ್ಯ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ತವರದ ಲೇಪನದಿಂದ ಕೂದಲಿಗಿಂತ ತೆಳುವಾದ ಎಳೆಗಳು ತಾವಾಗಿ ಬೆಳೆದು ಶಾರ್ಟ್ ಸರ್ಕ್ಯೂಟ್ ಮಾಡುತ್ತವೆ. 1998ರಲ್ಲಿ ಗ್ಯಾಲಕ್ಸಿ-4 ಉಪಗ್ರಹ ಕೈಕೊಟ್ಟು ಅಮೆರಿಕದ ಕೋಟ್ಯಂತರ ಪೇಜರ್‌ಗಳು ಮೂಕವಾದದ್ದು ಇದರಿಂದಲೇ ಎನ್ನಲಾಗಿದೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳಬೇಕಿತ್ತು. ಜಾರುವ ಲೇಪ ಸವೆದು ಕೆಲವು ಕಡ್ಡಿಗಳು ಅಂಟಿಕೊಂಡವು, ಅದು ಪೂರ್ತಿ ಬಿಚ್ಚಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಇಷ್ಟು. ಸಾವಿರ ವರ್ಷ ನಿಂತ ಕೋಟೆಯಲ್ಲಿ ನಂಬಬಹುದಾದದ್ದು ಅಲುಗುವ ಭಾಗವೇ ಇಲ್ಲದ ವಸ್ತುಗಳನ್ನು ಮಾತ್ರ: ತೊಲೆ, ಗೋಡೆ, ಕಲ್ಲಿನಲ್ಲೋ ಲೋಹದಲ್ಲೋ ಕೊರೆದ ಬರಹ.

ಎಂಜಿನ್ನಿನ ಕಡೆಗೆ

ಕೊನೆಗೆ, ಇದು ಚಲಿಸುವುದು ಹೇಗೆ? ಬಿಸಿಯ ಪ್ರಶ್ನೆ ಇಲ್ಲಿ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಭೂಮಿಯ ಗುರುತ್ವದ ಸಾವಿರದ ಒಂದು ಪಾಲಿನಷ್ಟು ನಿಧಾನವಾಗಿ ವೇಗ ಏರಿಸಿದರೂ ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್-5 ರಾಕೆಟ್‌ನಂಥ 15 ಕೋಟಿ ರಾಕೆಟ್‌ಗಳ ತಳ್ಳುಬಲ ಬೇಕು. 1970ರ ದಶಕದಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ ಡಿಡಾಲಸ್ ಹೆಸರಿನ ನಕ್ಷತ್ರನೌಕೆಯ ವಿನ್ಯಾಸ ಮಾಡಿತ್ತು. ಪರಮಾಣು ಸಮ್ಮಿಲನದ ಅದರ ಎಂಜಿನ್ನಿನಿಂದ ಉರಿ ಸೆಕೆಂಡಿಗೆ ಸುಮಾರು 10,000 ಕಿ.ಮೀ. ವೇಗದಲ್ಲಿ ಹೊರಬೀಳಬೇಕಿತ್ತು. ನಮ್ಮ ಕೋಟೆಗೂ ಅದನ್ನೇ ಕೊಟ್ಟರೆ, ಎಂಜಿನ್ನಿನ ಶಕ್ತಿ ಇಡೀ ಭೂಮಿಯ ಮೇಲೆ ಬೀಳುವ ಬಿಸಿಲಿನ ಒಂದೂವರೆ ಲಕ್ಷ ಪಟ್ಟು. ಅದರಲ್ಲಿ ನೂರಕ್ಕೆ ಒಂದು ಪಾಲು ಕೋಟೆಯ ಕಡೆ ಸೋರಿದರೂ ಚಿಪ್ಪು ಸೂರ್ಯನ ಮೇಲ್ಮೈಗಿಂತ ಮೂರು ಪಟ್ಟು ಬಿಸಿಯಾಗುತ್ತದೆ. ಚಿಪ್ಪನ್ನು 1200 ಡಿಗ್ರಿಯಲ್ಲಿ ನಿಲ್ಲಿಸಬೇಕಾದರೆ ಮೂವತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಜಾಸ್ತಿ ಸೋರುವ ಹಾಗಿಲ್ಲ. ಲೇಖಕರು ಕಣ್ಣು ಮುಚ್ಚಿ ದಾಟಲೇಬೇಕಾದ ಜಾಗ ಇದು. ಒಂದು ಸಮಾಧಾನದ ದಾರಿ, ಸಿಡಿತವನ್ನೇ ಹೊರಗಿಡುವುದು. ಅಮೆರಿಕದಲ್ಲಿ 1958ರಲ್ಲಿ ಶುರುವಾದ, ಭೌತವಿಜ್ಞಾನಿ ಫ್ರೀಮನ್ ಡೈಸನ್ ಕೆಲಸ ಮಾಡಿದ ಓರಿಯನ್ ಯೋಜನೆಯಲ್ಲಿ ಅಣುಬಾಂಬುಗಳನ್ನು ನೌಕೆಯ ಹಿಂದೆ ದೂರದಲ್ಲಿ ಸಿಡಿಸಿ, ಆ ಹೊಡೆತವನ್ನು ದಪ್ಪ ತಟ್ಟೆಯೊಂದು ತಿನ್ನುವ ಏರ್ಪಾಡಿತ್ತು. ಬಿಸಿಯ ಬಹುಪಾಲು ಬಾಹ್ಯಾಕಾಶಕ್ಕೇ ಹೋಗುತ್ತದೆ. 1963ರ ಒಪ್ಪಂದ ಬಾಹ್ಯಾಕಾಶದಲ್ಲಿ ಅಣುಸ್ಫೋಟ ನಿಷೇಧಿಸಿದ ಮೇಲೆ ಅದಕ್ಕೆ ದಾರಿ ಮುಚ್ಚಿತು.

ಅದೂ ಆಯಿತು ಅಂದುಕೊಳ್ಳಿ. ಆ ನಿಧಾನದ ಏರಿಕೆಯಲ್ಲಿ 32 ವರ್ಷ ತಳ್ಳಿದರೆ ವೇಗ ಸೆಕೆಂಡಿಗೆ 10,000 ಕಿ.ಮೀ. ಆಗುತ್ತದೆ, ಬೆಳಕಿನ ವೇಗದ ಮೂವತ್ತನೇ ಒಂದು ಪಾಲು. ನಿಲ್ಲಲು ಮತ್ತೆ 32 ವರ್ಷ. ಇಂಧನ ಎಷ್ಟು ಬೇಕು ಅನ್ನುವುದಕ್ಕೆ ರಷ್ಯಾದ ರಾಕೆಟ್ ವಿಜ್ಞಾನಿ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣವೇ ಸಾಕು. ಹೊರಡುವಾಗ 100 ಟನ್ ಇದ್ದದ್ದು ತಲುಪಿ ನಿಂತಾಗ 13 ಅಥವಾ 14 ಟನ್ ಉಳಿದಿರುತ್ತದೆ. ಡಿಡಾಲಸ್ ವಿನ್ಯಾಸದಲ್ಲೂ 54,000 ಟನ್ನಿನಲ್ಲಿ 50,000 ಟನ್ ಇಂಧನವೇ ಇತ್ತು, ಅದೂ ನಿಲ್ಲುವ ಯೋಚನೆಯೇ ಇಲ್ಲದ ನೌಕೆ. ಇಂಧನವಾಗಿ ದ್ರವ ಡ್ಯೂಟೀರಿಯಂ (ಹೈಡ್ರೋಜನ್ನಿನ ಭಾರವಾದ ರೂಪ) ತುಂಬಿಸಿದರೆ ಅದು ನೀರಿಗಿಂತ ಆರು ಪಟ್ಟು ಹಗುರ. ಆಗ ನಾವು ಇಟ್ಟುಕೊಂಡ ನೀರಿನ ಸಾಂದ್ರತೆಯೂ ಕೆಳಗಿಳಿಯುತ್ತದೆ, ಒಳಜಾಗದ ಸಿಂಹಪಾಲು ಟ್ಯಾಂಕುಗಳಿಗೇ ಹೋಗುತ್ತದೆ.

ಹಾಗಾಗಿ ಒಳಹೊಕ್ಕ ತಂಡಕ್ಕೆ ಮೊದಲು ಸಿಗುವ, ಟಾರ್ಚಿನ ಬೆಳಕು ಆಚೆ ದಡ ಮುಟ್ಟದ ಆ ಮಹಾ ಹಜಾರ ದೇವಸ್ಥಾನವೂ ಅಲ್ಲ, ಅರಮನೆಯೂ ಅಲ್ಲ. ಬಹುಶಃ ಖಾಲಿಯಾದ ಟ್ಯಾಂಕು. ಗುರುತು ಹಿಡಿಯುವುದು ಕಷ್ಟವಲ್ಲ. ದೀಪದ ಕೊಂಡಿ ಇರುವುದಿಲ್ಲ, ಮನುಷ್ಯರು ಹಿಡಿದು ಸಾಗುವ ಕಂಬಿ ಇರುವುದಿಲ್ಲ. ಗೋಡೆಯಿಂದ ಒಳಕ್ಕೆ ಚಾಚಿದ, ತೂತು ತೂತಾದ ಅಡ್ಡ ಹಲಗೆಗಳು ಸಾಲಾಗಿರುತ್ತವೆ. ದ್ರವ ಅತ್ತಿತ್ತ ಹೊಯ್ದಾಡಿ ನೌಕೆಯನ್ನು ಅಲುಗಿಸದಿರಲಿ ಅಂತ ಇಂದಿನ ರಾಕೆಟ್ ಟ್ಯಾಂಕುಗಳಲ್ಲೂ ಅಂಥವನ್ನು ಹಾಕುತ್ತಾರೆ. ಆ ಹಲಗೆಗಳು ಕಂಡರೆ ಅಲ್ಲಿ ಹುಡುಕಾಡುತ್ತಾ ಕೂರಬೇಕಿಲ್ಲ. ತಳದ ಕೊಳವೆ ಹುಡುಕಿ, ಅದರ ಗುಂಟವೇ ಎಂಜಿನ್ನಿನವರೆಗೆ ಸಾಗಬಹುದು.